ಏಳನೆಯ ಸಭೆ, ಕಂಪ್ಲಿಯ ಬಾಗಿಲು

ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಬಜ್ಜಿ ಬಂಡಿ ಇಟ್ಟಿರುವ ನಿಂಗಕ್ಕನಿಗೆ ಯುಗಗಳ ಹುಚ್ಚು. ಹಂಪಿಗೆ ಹೋಗುವವರು ಮೆಣಸಿನಕಾಯಿ ಬಜ್ಜಿ ಕೇಳಿದರೆ ಸಾಕು, ಅದು ಬೇಯುವಷ್ಟರಲ್ಲಿ ಬೈಬಲ್ಲಿನ ಏಳು ಯುಗಗಳನ್ನು ಏದೆನ್ ತೋಟದಿಂದ ಸಾವಿರ ವರ್ಷದ ರಾಜ್ಯದವರೆಗೆ ದಾಟಿಸಿಬಿಡುತ್ತಾಳೆ. ನಾವಿರುವುದು ಆರನೆಯದು, ಕೃಪೆಯ ಯುಗ, ಸಭೆಯ ಅಂದರೆ ಕ್ರೈಸ್ತ ಭಕ್ತರ ಕೂಟದ ಕಾಲ; ಅದೂ ಮುಗಿಯುತ್ತ ಬಂದಿದೆ, ಕರ್ತನಾದ ಯೇಸು ಯಾವ ಗಳಿಗೆಯಲ್ಲಾದರೂ ಮರಳಿ ಬಂದಾನು ಎಂಬುದು ಅವಳ ನಂಬಿಕೆ. ಹಾಗಾಗಿ ಯಾವುದನ್ನೂ ನಾಳೆಗೆ ಇಡುವವಳಲ್ಲ. ತಂದ ಪಾತ್ರೆ ಅಂದೇ ವಾಪಸ್, ಆಡಿದ ಜಗಳ ಅಂದೇ ಇತ್ಯರ್ಥ. ಮಲಗುವಾಗಲೂ ಒಳ್ಳೆಯ ಸೀರೆ ಉಡುತ್ತಾಳೆಂದು ಓಣಿಯವರು ನಗುತ್ತಾರೆ. ಅವಳೂ ಜೊತೆಗೆ ನಗುತ್ತಾಳೆ.

ಒಂದು ಜಗಳ ಮಾತ್ರ ಉಳಿದಿತ್ತು. ಕಂಪ್ಲಿಯಲ್ಲಿರುವ ಅಕ್ಕ ಎರ್ರಮ್ಮ ಹಣೆ ತುಂಬ ವಿಭೂತಿ ಬಳಿದುಕೊಳ್ಳುವ ಶಿವಭಕ್ತೆ. ತಂಗಿ ಯೇಸುವಿನ ಕಡೆ ಹೋದದ್ದಕ್ಕೆ ಅವಳೆಂದೂ ತಕರಾರು ಮಾಡಿದವಳಲ್ಲ. ಆದರೆ ಆರು ತಿಂಗಳ ಹಿಂದೆ ಅಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ, ಹೆಂಗಸರೆಲ್ಲ ಜೋಗುಳ ಹಾಡುತ್ತಿರುವಾಗ, ನಿಂಗಕ್ಕ ಉತ್ಸಾಹ ತಡೆಯಲಾರದೆ ಈ ಯುಗ ಇನ್ನೇನು ಮುಗಿಯಿತು ಎಂದು ಸಾರಿಬಿಟ್ಟಳು. ಕೂಸಿನ ತೊಟ್ಟಿಲ ಮುಂದೆ ಇಂಥ ಮಾತೇ ಎಂದು ಎರ್ರಮ್ಮ ಬೈದಳು. ಸತ್ಯ ಹೇಳಿದ್ದು ತಪ್ಪೇ ಎಂದು ಇವಳು ಎದ್ದು ಬಂದಳು. ತಪ್ಪು ಅಕ್ಕನದು, ಅವಳೇ ಬರಲಿ ಎಂದು ಕಾದಳು. ಅಕ್ಕ ಬರಲಿಲ್ಲ. ಅಕ್ಕನ ಮಾತಿಲ್ಲದೆ ಉಂಡದ್ದು ರುಚಿಸುತ್ತಿರಲಿಲ್ಲ.

ಹೊಸಪೇಟೆಯ ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರ್ ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಏಳು ಊರುಗಳ ಸಭೆಗಳಿಗೆ ಬರೆದ ಪತ್ರಗಳನ್ನು ವಾರಕ್ಕೊಂದರಂತೆ ವಿವರಿಸುತ್ತಿದ್ದರು. ಅವರ ಪ್ರಕಾರ ಒಂದೊಂದು ಪತ್ರವೂ ಸಭೆಯ ಚರಿತ್ರೆಯ ಒಂದೊಂದು ಕಾಲ. ಎಫೆಸ ಅಪೊಸ್ತಲರ, ಅಂದರೆ ಯೇಸುವಿನ ಮೊದಲ ಶಿಷ್ಯರ ಕಾಲ, ಸ್ಮುರ್ನ ಹಿಂಸೆಯ ಕಾಲ, ಹೀಗೆ ಸಾಗಿ ಕೊನೆಯ ಲವೊದಿಕೀಯ ನಮ್ಮದು. ಈ ಭಾನುವಾರ ಅದರ ಸರದಿ. ನಿಂಗಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ಅದು ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಉಗುರುಬೆಚ್ಚಗಿನ ಸಭೆ ಎಂದಾಗ ಜೋರಾಗಿ ತಲೆಯಾಡಿಸಿದಳು. ಸರಿಯಾಗಿ ಕಾಯದ ಎಣ್ಣೆಗೆ ಬಿಟ್ಟ ಬಜ್ಜಿಯ ಗತಿ ಅವಳಿಗಿಂತ ಯಾರಿಗೆ ಗೊತ್ತು? ತಾನಂತೂ ಕಾದ ಎಣ್ಣೆಯೇ ಎಂದು ಹೆಮ್ಮೆಪಟ್ಟಳು.

ಆಮೇಲೆ ಪಾಸ್ಟರ್, ಈ ಕಡೇ ಕಾಲದಲ್ಲಿ ಕರ್ತನು ಸಭೆಯ ಒಳಗಿಲ್ಲ, ಹೊರಗಿದ್ದಾನೆ ಎಂದರು. ತಪ್ಪು ಒಳಗಿರುವವರದು, ಆದರೂ ಬಾಗಿಲಿಗೆ ಬಂದು ತಟ್ಟುತ್ತಿರುವವನು ಅವನೇ ಎಂದರು.

ನಿಂಗಕ್ಕ ತಲೆಯಾಡಿಸುವುದನ್ನು ನಿಲ್ಲಿಸಿದಳು. ತಪ್ಪೇ ಇಲ್ಲದವನು ಬಂದು ತಟ್ಟುವಾಗ ತಾನು ಯಾವ ದೊಡ್ಡ ಮನುಷ್ಯಳೆಂದು ಮನೆಯಲ್ಲಿ ಕೂತಿದ್ದಾಳೆ? ಕೊನೆಯ ಹಾಡು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿದಳು. ಪಕ್ಕದಲ್ಲಿ ಕೂತಿದ್ದ ಗೆಳತಿ ತಾಯಕ್ಕ ಎಲ್ಲಿಗೆಂದು ಕೇಳಿದಳು.

“ಕಂಪ್ಲಿಗೆ. ಜಲ್ದಿ ಹೋಗ್ಬೇಕವ್ವ, ಆತ ಬರೋದ್ರಾಗ.”

ಬಸ್ಸಿನಲ್ಲಿ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಅಕ್ಕ ಮುಖ ತಿರುಗಿಸಿದರೆ ಎಂಬ ಭಯ ಒಂದು ಕಡೆ, ಈಗಲೇ ನೋಡಿಬಿಡುತ್ತೇನೆಂಬ ಸಡಗರ ಇನ್ನೊಂದು ಕಡೆ. ಅಕ್ಕನ ಬಾಗಿಲ ಮುಂದೆ ನಿಂತಳು. ತಲೆ ತಗ್ಗಿಸಿ ಕದ ತಟ್ಟಿದಳು. ಎರಡನೆಯ ಸಲಕ್ಕೆ ಕದ ತಾನಾಗಿಯೇ ಒಳಕ್ಕೆ ಸರಿಯಿತು.

ಒಳಗೆ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ ಎರ್ರಮ್ಮ ತಂಗಿಯನ್ನೇ ನೋಡಿದಳು.

“ತಟ್ಟೋದ್ಯಾಕ ನಿಂಗಿ? ನೀ ಎದ್ದು ಹ್ವಾದ ದಿನದಿಂದ ಹಗಲಿನಾಗ ಚಿಲಕ ಹಾಕಿಲ್ಲ. ಬಾ, ಕೂಸಿಗೆ ನೀರು ತೋಡು. ಭಾಳ ಬಿಸಿ ಬ್ಯಾಡ.”

ನಿಂಗಕ್ಕ ಸೆರಗು ಸಿಗಿಸಿ ಬಿಸಿನೀರಿಗೆ ತಣ್ಣೀರು ಬೆರೆಸಿದಳು. ಯುಗದ ಸುದ್ದಿ ಎತ್ತಲಿಲ್ಲ. ಕೈ ಅದ್ದಿ ನೋಡಿದಳು. ಅಷ್ಟರಲ್ಲಿ ಕಣ್ಣು ತುಂಬಿ ಬಂದಿತ್ತು.

“ಉಗುರುಬೆಚ್ಚಗ ಐತಿ, ಅಕ್ಕ,” ಎಂದಳು.