ಒಡೆಯಲೆಂದೇ ಇಟ್ಟ ಮಡಕೆಗಳು

ಓರ್ಸಾಳ ಬೀದಿಗೆ ಬೆಳಗಾಗುವುದೇ ಮಡಕೆ ಒಡೆಯುವ ಸದ್ದಿನಿಂದ. ರಾಕ್ಷಸರಾಜನ ಕೋಟೆಗೆ ಹೊರಟ ವೀರರು ಬಾಗಿಲು ತಟ್ಟದೆ ಒಳನುಗ್ಗಿ, ಏನಾದರೂ ಸಿಕ್ಕೀತೆಂದು ಕಂಡ ಮಡಕೆಯನ್ನೆಲ್ಲ ಒಡೆಯುವುದು ಆ ಊರಿನ ರೂಢಿ. ಒಂಟಿ ಹೆಂಗಸು ಓರ್ಸಾ ತಡೆಯುವುದಿಲ್ಲ. "ಕಾಲು ಒರೆಸ್ಕೊಂಡು ಬಾರಪ್ಪ" ಎನ್ನುತ್ತಾಳೆ, ಅಷ್ಟೆ. ಬೇರೆ ಲೋಕದಲ್ಲಿ ಲಾರಿಗೆ ಸಿಕ್ಕಿ ಸತ್ತು ಇಲ್ಲಿ ಹುಟ್ಟಿದೆನೆಂದು ಒಬ್ಬೊಬ್ಬನೂ ಗಂಭೀರವಾಗಿ ಹೇಳಿಕೊಂಡಾಗ, "ನಿಮ್ಮೂರ ಲಾರಿಗಳಿಗೆ ಕಣ್ಣೇ ಇಲ್ವೇನೋ?" ಎಂದು ಮರುಗುತ್ತಾಳೆ. ಅವರು ಹೋದಮೇಲೆ ಚೂರುಗಳನ್ನು ಮೆಲ್ಲಗೆ ಗುಡಿಸಿ, ಹೊಸ ಮಡಕೆ ಇಟ್ಟು, ಅದರ ತಳದಲ್ಲಿ ಗಾಯ ಮಾಯಿಸುವ ಸೊಪ್ಪಿನ ಒಂದು ಕಟ್ಟನ್ನು ಅಡಗಿಸುತ್ತಾಳೆ. ಮೂವತ್ತು ಮಡಕೆ ಹೊತ್ತು ತಂದ ಕುಂಬಾರ ಬೆನ್ನೋ ಈ ಸಲ ರೇಗಿದ: "ಅಕ್ಕಾ, ಒಡೆಯೋರಿಗೆ ಉಡುಗೊರೆ ಬೇರೆ ಇಡ್ತೀಯಲ್ಲ, ನಿಂಗೇನು ತಲೆ ಕೆಟ್ಟಿದ್ಯಾ?" ಓರ್ಸಾ ಬುಟ್ಟಿಯನ್ನು ಕಂಕುಳಿಗೇರಿಸಿದಳು. "ನನ್ನ ಮಗಳು ಮಿರೆಲ್ ಇಂಥೋರ ದಂಡಿನ ಜೊತೆ ಹೋಗಿ ಮೂರು ವರ್ಷ ಆಯ್ತು ಬೆನ್ನೋ. ಒಂದು ಕಾಗದ ಇಲ್ಲ. ಈ ಹೊತ್ತು ಅವಳೂ ಮೈತುಂಬ ಗಾಯ ಮಾಡ್ಕೊಂಡು ಯಾರದೋ ಮನೇಲಿ ಮಡಕೆ ಒಡೀತಿರ್ತಾಳೆ. ಅದರೊಳಗೆ ಆ ಮನೆಯವಳು ಏನಾದ್ರೂ..." ಎನ್ನುತ್ತಲೇ ಸೊಪ್ಪು ಬೆಳೆಯುವ ಗುಡ್ಡದ ಕಡೆ ನಡೆದುಬಿಟ್ಟಳು.