ಮೊಣಕಾಲಿನ ಕೆಳಗೆ ನಾಲ್ಕು ಬೆರಳು

ಜೂನ್ ತಿಂಗಳು ಬಂತೆಂದರೆ ನಮ್ಮ ಬೀದಿಯ ಇಸ್ತ್ರಿ ಗಾಡಿಯ ಮೇಲೆ ಶಾಲೆಯ ಹೊಸ ಬಟ್ಟೆಗಳ ರಾಶಿ ಬೀಳುತ್ತದೆ. ಗಂಜಿ ಇನ್ನೂ ಬಿಡದ ಬಟ್ಟೆಯ ಮೇಲೆ ಇದ್ದಿಲ ಇಸ್ತ್ರಿ ಹರಿದಾಡಿದಾಗ ಏಳುವ ಆ ವಾಸನೆ ನಿಮಗೂ ಗೊತ್ತಿರುತ್ತದೆ, ಅನ್ನದ ತಿಳಿಯಂಥದ್ದು, ತುಸು ಸುಟ್ಟಂಥದ್ದು. ಅದು ಮೂಗಿಗೆ ಬಡಿದ ಕ್ಷಣ ನಾನು ವಿಶಾಖಪಟ್ಟಣದ ಈ ಬೀದಿಯಲ್ಲಿ ಇರುವುದಿಲ್ಲ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಸಗಟು ಪಾತ್ರೆ ಅಂಗಡಿಯ ಮೇಲಿದ್ದ ನಮ್ಮ ಬಾಡಿಗೆ ಮನೆಯ ಕಿಟಕಿಯ ಪಕ್ಕ, ಗಿರಿಜತ್ತೆಯ ಕಾಲ ಬುಡದಲ್ಲಿ ಕೂತಿರುತ್ತೇನೆ. ಕೆಳಗೆ ಸ್ಟೀಲ್ ಪಾತ್ರೆಗಳನ್ನು ಇಳಿಸುವ ಸದ್ದು, ಆಟೋಗಳ ಹಾರ್ನ್, ಮೇಲೆ ಅತ್ತೆಯ ಹೊಲಿಗೆ ಮಿಷನ್ನಿನ ಸದ್ದು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವಳಿಗೆ. ಸೆಖೆಗೆ ಅವಳ ಕತ್ತಿನ ಮೇಲೆ ಬೆವರು ಇಳಿದು ರವಿಕೆಯ ಅಂಚು ಸದಾ ಒದ್ದೆಯಾಗಿರುತ್ತಿತ್ತು.

ಗಿರಿಜತ್ತೆ ಅಪ್ಪನ ತಂಗಿ. ಗದಗಿನ ಕಡೆಯ ನಮ್ಮ ಮನೆತನದಲ್ಲಿ ಕೊನೆಯ ಮಗಳು. ಗಂಡನ ಮನೆಯಲ್ಲಿ ಹೊಡೆತ ತಿಂದು, ಒಂದು ದಿನ ಉಟ್ಟ ಸೀರೆಯಲ್ಲೇ ಎದ್ದು ಬಂದವಳು. ದೊಡ್ಡಪ್ಪನ ಮನೆಯಲ್ಲಿ ಜಾಗವಿಲ್ಲವೆಂದಾಗ, ಬ್ಯಾಂಕಿನ ವರ್ಗಾವರ್ಗಿಯಲ್ಲಿ ವಿಜಯವಾಡಕ್ಕೆ ಬಂದಿದ್ದ ಅಪ್ಪ ಅವಳನ್ನು ನಮ್ಮಲ್ಲಿಗೆ ಕರೆತಂದಿದ್ದ. ಆಗ ನಾನಿನ್ನೂ ತೊದಲುತ್ತಿದ್ದೆನಂತೆ. ಅವ್ವನಿಗೆ ಅವಳು ಬೇಕಾಗಿಯೂ ಇದ್ದಳು, ಬೇಡವಾಗಿಯೂ ಇದ್ದಳು. ರೊಟ್ಟಿ ಬಡಿಯುವುದು, ನನ್ನ ತಲೆ ಬಾಚುವುದು, ಅಪ್ಪನ ಅಂಗಿಯ ಗುಂಡಿ ಹಚ್ಚುವುದು ಎಲ್ಲ ಅತ್ತೆಯ ಕೆಲಸ. ಊಟಕ್ಕೆ ಮಾತ್ರ ಅವಳು ಎಲ್ಲರದೂ ಆದ ಮೇಲೆ ಕೂರಬೇಕು. ಹಾಗೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಕರೆಯುತ್ತಿರಲಿಲ್ಲ. ನನ್ನ ಮೈಮೇಲಿನ ಬಟ್ಟೆಯೆಲ್ಲ ಅವಳ ಕೈಯದೇ. ಅಳತೆ ಪಟ್ಟಿಯನ್ನು ಅವಳು ಮುಟ್ಟುತ್ತಿರಲಿಲ್ಲ. ನನ್ನ ಭುಜಕ್ಕೆ ಗೇಣಿಟ್ಟು, “ಮತ್ತ ಬೆಳದಿಯಲ್ಲವಾ, ನಿನ್ನೀಗೂ ಇವತ್ತಿಗೂ ಫರಕ್ ಐತಿ” ಎನ್ನುವಳು.

ನಾನು ಏಳನೆಯ ತರಗತಿಗೆ ಬರುವ ಹೊತ್ತಿಗೆ ಅಪ್ಪನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಪೆಂಡುರ್ತಿಯಲ್ಲಿ ಹೊಸದಾಗಿ ಎದ್ದ ಮನೆಗಳ ಸಾಲಿನಲ್ಲಿ ನಮಗೊಂದು ಸಿಕ್ಕಿತು. ಅಲ್ಲಿನ ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ಸೀಟು ಸಿಗಲು ಅಪ್ಪ ಯಾರ ಯಾರ ಮನೆಗೋ ಅಲೆದಿದ್ದ. ಆ ಶಾಲೆಯ ಪ್ರಿನ್ಸಿಪಾಲ್ ಮೇಡಂ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಬೆಳಗಿನ ಪ್ರಾರ್ಥನೆಯಲ್ಲಿ ಸಾಲುಗಳ ನಡುವೆ ತಾವೇ ನಡೆಯುತ್ತಿದ್ದರು. ಹುಡುಗಿಯರ ಸ್ಕರ್ಟು ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಇಳಿದಿರಬೇಕು. ಬಟ್ಟೆ ಶಾಲೆಯ ಅಂಗಡಿಯದೇ ಆಗಿರಬೇಕು. ಎರಡೂ ನಿಯಮಗಳನ್ನು ಗೇಟಿನ ಒಳಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು.

ಆ ವರ್ಷ ನನ್ನ ಮೈ ನನ್ನ ಮಾತು ಕೇಳಲಿಲ್ಲ. ಜೂನಿನಲ್ಲಿ ಹೊಲಿದ ಸ್ಕರ್ಟು ಮಳೆಗಾಲ ಮುಗಿಯುವುದರೊಳಗೆ ಮೊಣಕಾಲಿಗೆ ಬಂದು ನಿಂತಿತು. ಅತ್ತೆ ಅಂಚಿನ ಮಡಿಕೆ ಬಿಚ್ಚಿ ಇಳಿಸಿದಳು. ಮತ್ತೆ ಮೋಟಾಯಿತು. ಶಾಲೆಯ ಅಂಗಡಿಯಲ್ಲಿ ಕೇಳಿದರೆ ಆ ನೀಲಿ ಚೌಕಳಿ ಬಟ್ಟೆ ದಸರಾ ರಜೆಯ ನಂತರವೇ ಬರುವುದು ಎಂದರು. ಅತ್ತೆ ಊರೆಲ್ಲ ಹುಡುಕಿ ಹೆಚ್ಚುಕಡಿಮೆ ಅದೇ ನೀಲಿಯ ಪಟ್ಟಿಯೊಂದನ್ನು ತಂದು ಕೆಳಗೆ ಜೋಡಿಸಿದಳು. ಎಷ್ಟು ನಾಜೂಕಾಗಿತ್ತೆಂದರೆ ಅವ್ವ ಕೂಡ ಮುಟ್ಟಿ ನೋಡಿ ಸುಮ್ಮನಾದಳು. ಮರುದಿನವೇ ಮೇಡಂ ನನ್ನನ್ನು ಸಾಲಿನಿಂದ ಹೊರಗೆಳೆದು, ಬೇರೆ ಬಟ್ಟೆ ಸೇರಿಸಿದ್ದು ತಪ್ಪು, ಬಿಚ್ಚಿಸಿಕೊಂಡು ಬಾ ಎಂದರು. ಅತ್ತೆ ಬಿಚ್ಚಿದಳು. ಅದರ ಮರುದಿನ ಸ್ಕರ್ಟು ಗಿಡ್ಡವಾಗಿದೆ ಎಂದು ಅದೇ ಮೇಡಂ ನನ್ನನ್ನು ವೇದಿಕೆಯ ಮೇಲೆ ಹತ್ತಿಸಿದರು.

ಅವರು ಕೂಗಾಡಲಿಲ್ಲ. ಆಫೀಸಿನಿಂದ ಹಳೆಯ ಪೇಪರ್ ತರಿಸಿದರು. ಕ್ಲಾಸ್ ಟೀಚರ್ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಪೇಪರನ್ನು ಉದ್ದಕ್ಕೆ ಮಡಚಿ ನನ್ನ ಸ್ಕರ್ಟಿನ ಅಂಚಿಗೆ ಸುತ್ತ ಪಿನ್ನು ಹಾಕಿದರು. ಒಂದು ಪಿನ್ನು ನನ್ನ ಕಾಲಿಗೆ ಚುಚ್ಚಿದಾಗ ಅವರು ತಲೆಯೆತ್ತದೆ “ಸಾರಿ ಅಮ್ಮಾ” ಎಂದರು. ಈಗ ಸರಿಯಾದ ಉದ್ದವಿದೆ, ಎಲ್ಲ ಕ್ಲಾಸಿಗೂ ಹೋಗಿ ತೋರಿಸಿ ಬಾ ಎಂದು ಮೇಡಂ ಹೇಳಿದರು. ನಾನು ಹೋದೆ. ನಡೆದರೆ ಪೇಪರ್ ಸರಸರ ಎನ್ನುತ್ತಿತ್ತು, ನಿಂತರೂ ಎನ್ನುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಬಗ್ಗಿ, ನನ್ನ ಮೊಣಕಾಲಿನ ಬಳಿ ಅಚ್ಚಾಗಿದ್ದ ಸಿನಿಮಾ ಜಾಹೀರಾತನ್ನು ಗಟ್ಟಿಯಾಗಿ ಓದಿದ. ತರಗತಿಗೆ ತರಗತಿಯೇ ನಕ್ಕಿತು. ಹಿಂದಗಡೆ ಏನಿದೆ ಓದು ಎಂದು ಇನ್ನೊಬ್ಬ ಕೂಗಿದ. ಪಾಠ ಮಾಡುತ್ತಿದ್ದ ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜವೂ ಕುಲುಕುತ್ತಿತ್ತು.

ಪೇಪರನ್ನು ಮನೆ ಸೇರುವವರೆಗೆ ತೆಗೆಯಬಾರದೆಂದು ಅಪ್ಪಣೆಯಾಗಿತ್ತು. ಆಟೋದಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಬಾಗಿಲು ತೆರೆದ ಅವ್ವ, “ಏನ ಮಾಡಿ ಬಂದಿ?” ಎಂದಳು. ಏನಾಯಿತೆಂದು ಅವಳು ಕೇಳಲಿಲ್ಲ. ಅತ್ತೆ ಒಳಗಿಂದ ಬಂದವಳು ನೋಡಿದಳು, ನೆಲದ ಮೇಲೆ ಕೂತು ಒಂದೊಂದೇ ಪಿನ್ನು ತೆಗೆದಳು. ಪೇಪರನ್ನು ಹರಿಯಲಿಲ್ಲ. ಮಡಚಿ ಇಟ್ಟುಕೊಂಡಳು. ಕಾಲಿನ ಮೇಲೆ ಪಿನ್ನು ಗೀರಿದ್ದ ಜಾಗಕ್ಕೆ ಉಗುಳು ಹಚ್ಚಿ ಒರೆಸಿದಳು. ಅಷ್ಟು ಹೊತ್ತು ತಡೆದಿದ್ದ ಅಳು ನನಗೆ ಆಗ ಬಂತು.

ಮರುದಿನ ಅಪ್ಪ ಬ್ಯಾಂಕಿಗೆ ಹೋದ ಮೇಲೆ, ಅವ್ವ ಬೇಡ ಬೇಡ ಎನ್ನುತ್ತಿದ್ದರೂ ಅತ್ತೆ ನನ್ನ ಕೈ ಹಿಡಿದು ಶಾಲೆಗೆ ನಡೆದಳು. ಮೇಡಂ ಅವಳನ್ನು ಕೂರಿಸಲಿಲ್ಲ. “ಮೀರೆವರಂಡಿ? ಅಮ್ಮಾಯಿ ತಲ್ಲಿ ಎಕ್ಕಡ?” ಎಂದರು. ನೀವು ಯಾರು, ಹುಡುಗಿಯ ತಾಯಿ ಎಲ್ಲಿ ಎಂದು. ಅತ್ತೆ ತಾನು ಸೋದರತ್ತೆ ಎಂದಾಗ ಮೇಡಂ ಅವಳ ಬರಿಗೊರಳನ್ನು ನೋಡಿ, ಗಂಡ ಎಲ್ಲಿದ್ದಾನೆ ಎಂದು ಕೇಳಿದರು. ಅತ್ತೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಗಂಡನನ್ನು ಬಿಟ್ಟು ಬಂದ ಹೆಂಗಸು ಸಾಕಿದ ಹುಡುಗಿಯ ಬಟ್ಟೆ ಇನ್ನು ಹೇಗಿರುತ್ತದೆ ಎಂದು ಮೇಡಂ ಪಕ್ಕದಲ್ಲಿದ್ದ ಗುಮಾಸ್ತನಿಗೆ ಹೇಳಿದರು. ಅತ್ತೆ ಸೊಂಟದಿಂದ ಆ ಪೇಪರ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಸಂತೆ, ಬೀದಿಗಳಲ್ಲಿ ಕಲಿತ ತನ್ನ ತೆಲುಗಿನಲ್ಲಿ, “ಅಮ್ಮಾಯಿ ಕಾಳ್ಳು ಎವರೂ ಚೂಡಲೇದು ಮೇಡಂ. ಮೀರೇ ಅಂದರಿಕೀ ಚೂಪಿಂಚಾರು” ಎಂದಳು. ಈ ಹುಡುಗಿಯ ಕಾಲುಗಳನ್ನು ಯಾರೂ ನೋಡಿರಲಿಲ್ಲ, ನೀವೇ ಎಲ್ಲರಿಗೂ ತೋರಿಸಿದಿರಿ.

ಮೇಡಂ ಫೋನೆತ್ತಿಕೊಂಡು ಅಪ್ಪನನ್ನು ಕರೆಸಿದರು. ಅವನು ಬ್ಯಾಂಕಿನಿಂದ ಓಡೋಡಿ ಬಂದ. ಟಿ.ಸಿ. ಕೊಟ್ಟು ಕಳಿಸುತ್ತೇವೆ ಎಂಬ ಮಾತು ಬಂದದ್ದೇ ತಡ, ಕೈ ಜೋಡಿಸಿದ. ನನ್ನ ಅಪ್ಪ ಯಾರ ಮುಂದಾದರೂ ಕೈ ಜೋಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ಕ್ಷಮಿಂಚಂಡಿ” ಎಂದು, ಅವಳಿಗೆ ತಲೆ ಸರಿ ಇಲ್ಲ ಎಂದು ತಂಗಿಯನ್ನು ತೋರಿಸಿ ತೆಲುಗಿನಲ್ಲೇ ಹೇಳಿದ. ಆಮೇಲೆ ಕನ್ನಡದಲ್ಲಿ ಅವಳ ಕಡೆ ತಿರುಗಿ, “ತಪ್ಪಾತು ಅನ್ನು” ಎಂದ. ಅತ್ತೆ ನನ್ನ ಮುಖ ನೋಡಿದಳು. ನನ್ನ ಸೀಟು ಅವಳ ನಾಲಿಗೆಯ ಮೇಲಿತ್ತು. “ತಪ್ಪಾಯಿಂದಂಡಿ” ಎಂದು ಮೇಡಂ ಕಾಲ ಬಳಿಯ ನೆಲ ನೋಡುತ್ತ ಹೇಳಿದಳು.

ಮನೆಗೆ ಬಂದು ಅಪ್ಪ ಬೂಟು ಸಹ ಬಿಚ್ಚಲಿಲ್ಲ. “ಗಂಡನ ಮನ್ಯಾಗೂ ಹಿಂಗ ಬಾಯಿ ಮಾಡೇ ಬೀದಿಗೆ ಬಂದಿ. ಈಗ ನನ್ನ ಮಗಳನ್ನೂ ಬೀದಿಗೆ ತರಾಕ ನಿಂತಿ” ಎಂದ. ಗಂಡ ಅವಳ ಕೈ ಮುರಿದದ್ದು ಅವನಿಗೆ ಗೊತ್ತಿತ್ತು. ಆಸ್ಪತ್ರೆಗೆ ಕರೆದೊಯ್ದವನು ಅವನೇ. ಅವ್ವ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತ, “ದೊಡ್ಡವರ ಮನ್ಯಾಗೂ ಒಂದೀಟ ದಿನ ಇರಲಿ ಬಿಡ್ರಿ” ಎಂದಳು.

ಅತ್ತೆಯನ್ನು ಗದಗಿನ ದೊಡ್ಡಪ್ಪನ ಮನೆಗೆ ಕಳಿಸಲು, ಹುಬ್ಬಳ್ಳಿಯ ರೈಲಿಗಾಗಿ ಮೊದಲು ವಿಜಯವಾಡಕ್ಕೆ ಹೋಗಬೇಕಿತ್ತು. ನಾನು ಅತ್ತು ರಂಪ ಮಾಡಿದ್ದಕ್ಕೆ ಅಪ್ಪ ನನ್ನನ್ನೂ ಕರೆದೊಯ್ದ. ಗವರ್ನರ್‌ಪೇಟೆಯ ಮನೆಯನ್ನು ಒಮ್ಮೆ ಕೆಳಗಿನಿಂದಲೇ ನೋಡಿ ಬರೋಣ ಎಂದು ಅತ್ತೆ ಕೇಳಿದಳು. ಹೊತ್ತಿಲ್ಲ ಎಂದ ಅಪ್ಪ. ಆಮೇಲೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮಧ್ಯಾಹ್ನವಿಡೀ ಕೂತೆವು. ಅವನು ಪೇಪರ್ ಓದಿದ. ರೈಲು ಬಂದಾಗ ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು, “ಇನ್ನೂ ಬೆಳೀತಿ ನೀ. ನಿಮ್ಮಪ್ಪನ್ನೂ ದಾಟತಿ” ಎಂದಳು. ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಅವನು ಅವಳ ಟ್ರಂಕನ್ನು ಸೀಟಿನ ಕೆಳಗೆ ತಳ್ಳುತ್ತಿದ್ದ.

ಅವಳು ಹೋದ ಮೇಲೆ ನನಗೆ ದರ್ಜಿಯವನು ಬಟ್ಟೆ ಹೊಲಿದ. ಎಂಟನೆಯ ತರಗತಿಯಿಂದ ಹುಡುಗಿಯರು ತೊಡುವ ತೋಳಿಲ್ಲದ ಮೇಲ್ಕೋಟನ್ನು, ಮೈ ಬೆಳೆದಿದೆ ಎಂದು, ಶಾಲೆಯವರು ನನಗೆ ಆ ವರ್ಷವೇ ತೊಡಿಸಿದರು. ಇಡೀ ಏಳನೆಯ ತರಗತಿಯಲ್ಲಿ ಅದನ್ನು ತೊಟ್ಟವಳು ನಾನೊಬ್ಬಳೇ. ಮನೆಯಲ್ಲಿ ಕನ್ನಡ ಕಡಿಮೆಯಾಯಿತು. ಅಪ್ಪ, ಅವ್ವ ಕೇಳಿದ್ದಕ್ಕೆ ನಾನು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದೆ. ಗದಗಿನಿಂದ ಫೋನು ಬಂದರೆ ಅಪ್ಪ ವರಾಂಡಕ್ಕೆ ಹೋಗಿ ಮಾತಾಡುತ್ತಿದ್ದ. ಹತ್ತನೆಯ ತರಗತಿಯ ಪರೀಕ್ಷೆಯ ನಡುವೆ ಅತ್ತೆ ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂತು. ನಿನಗೆ ಪರೀಕ್ಷೆ ಐತಿ ಎಂದು ಅಪ್ಪ ಒಬ್ಬನೇ ಹೋಗಿ ಬಂದ. ಬಂದವನು ಸ್ನಾನ ಮಾಡಿ, ಮಾರನೆಯ ದಿನ ಬ್ಯಾಂಕಿಗೆ ಹೋದ.

ನಾನು ಗದಗಿಗೆ ಹೋದದ್ದು ಎಷ್ಟೋ ವರ್ಷಗಳ ಮೇಲೆ, ದೊಡ್ಡಪ್ಪನ ಮೊಮ್ಮಗಳ ತೊಟ್ಟಿಲಿಗೆ. ಗದ್ದಲ ಮುಗಿದ ಮೇಲೆ ದೊಡ್ಡವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನಾಗಿಯೇ ಅತ್ತೆಯ ಮಾತು ತೆಗೆದಳು. “ಪುಣ್ಯವಂತಿ ಅಕಿ. ನಮ್ಮ ಮನಿ ಮಂದಿ ಸಾಯೂಮುಂದ ಶಿವಾ ಶಿವಾ ಅಂತಾರ. ಅಕಿ ಮಾತ್ರ ರಾಮನ್ನ ನೆನಸಾಕತ್ತಿದ್ಲು. ಕಡೀಕ ಜ್ವರದಾಗ ಬ್ಯಾರೆ ಮಾತ ಇಲ್ಲ. ಬಾಗಲ ಕಡೆ ನೋಡಕೋಂತ ‘ರಾಮ್ಮಾ, ರಾಮ್ಮಾ’ ಅನಕೋಂತನ ಹೋದ್ಲು. ನಿಮ್ಮ ಆ ಕಡೆ ಊರಾಗ ಕಲತಿದ್ಲೇನು?”

ಹೌದು ಎಂದೆ. ತೆಲುಗಿನಲ್ಲಿ ‘ರಾಮ್ಮಾ’ ಎಂದರೆ ‘ಬಾರವ್ವಾ’ ಎಂದು ಅರ್ಥ. ಗವರ್ನರ್‌ಪೇಟೆಯಲ್ಲಿ ಶಾಲೆ ಬಿಟ್ಟು ಬಂದು ನಾನು ಕೆಳಗಿನ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದಂತೆ, ನೆರೆಮನೆಯ ತೆಲುಗು ಹೆಂಗಸರ ಧಾಟಿಯಲ್ಲೇ ಅವಳು ಮೇಲಿನಿಂದ ಹಾಗೆ ಕೂಗುತ್ತಿದ್ದಳು. ದೊಡ್ಡವ್ವನಿಗೆ ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವಳು ಕಣ್ಣು ಮುಚ್ಚಿ ಆಗಲೇ ಕೈ ಮುಗಿದಿದ್ದಳು.