ಅಪ್ಪ ಎಂತ ತಿಂದು ಕಾರ್ಕಳಕ್ಕೆ ಹೋಗುತ್ತಿದ್ದರು

ಶಿರ್ವ ಪೇಟೆ ಇನ್ನೂ ಸ್ವಲ್ಪ ದೂರ ಇರುವಾಗಲೇ ನಾನು ಸೈಕಲನ್ನು ಬಸ್ ತಂಗುದಾಣದ ಗೋಡೆಗೆ ಒರಗಿಸಿ ನೆಲದಲ್ಲೇ ಕೂತುಬಿಟ್ಟೆ. ಸಿಮೆಂಟಿನ ಬೆಂಚು ನಾಲ್ಕು ಹೆಜ್ಜೆ ಆಚೆಗಿತ್ತು. ಆ ನಾಲ್ಕು ಹೆಜ್ಜೆ ನನ್ನಿಂದಾಗಲಿಲ್ಲ. ಕಾಲು ನೋಯುತ್ತಿರಲಿಲ್ಲ, ಉಸಿರೂ ಕಟ್ಟಿರಲಿಲ್ಲ. ಒಳಗೆ ಯಾರೋ ಮೈನ್ ಸ್ವಿಚ್ ಆಫ್ ಮಾಡಿ ಹೋದ ಹಾಗೆ, ಅಷ್ಟೆ. ಇದು ಮೂರನೆಯ ಭಾನುವಾರ. ಹಿಂದಿನ ಎರಡು ಭಾನುವಾರವೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ ಹೀಗೇ ಆಗಿತ್ತು. ಯಾಕೆ ಹೀಗೆ ಎಂದು ತಿಳಿಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹುಟ್ಟುಗುಣ, ಎಂತ ಮಾಡುವುದು.

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದಿನಾ ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಲವತ್ತಾರು ದಾಟಿದ ಮೇಲೆ, ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬಳು ವಿದ್ಯಾರ್ಥಿನಿಯಿಂದ ಗೇರಿನ ಸೈಕಲು ಕೊಂಡುಕೊಂಡೆ. ಹೆಲ್ಮೆಟ್ಟು, ಕೈಗವಸು ಎಲ್ಲ ಸೇರಿಯೇ ಬಂತು. ಹೊಸದರಲ್ಲಿ ಎಲ್ಲರೂ ಕಡಲ ಬದಿಯ ರಸ್ತೆಯಲ್ಲಿ ದೀಪಸ್ತಂಭದವರೆಗೆ ಹೋಗಿ ಫೋಟೋ ತೆಗೆದು ಬರುತ್ತಾರೆ. ನನಗೆ ಅದು ಸಾಕಾಗಲಿಲ್ಲ. ನನಗೆ ಬೇಕಾಗಿದ್ದದ್ದು ಕಾರ್ಕಳ.

ಯಾಕೆಂದರೆ ನನ್ನ ಅಪ್ಪ ಕಾಪುವಿನಿಂದ ಕಾರ್ಕಳದವರೆಗೆ ಸೈಕಲಿನಲ್ಲಿ ಮೀನು ಮಾರಿದವರು. ಬೆಳಕು ಹರಿಯುವ ಮೊದಲೇ ಕಡಲ ಬದಿಗೆ ಹೋಗಿ ಬಂಗುಡೆಯೋ ಬೂತಾಯಿಯೋ ಸಿಕ್ಕಿದ್ದನ್ನು ಪೆಟ್ಟಿಗೆಗೆ ತುಂಬಿಸಿ, ಕ್ಯಾರಿಯರಿಗೆ ಹಗ್ಗ ಬಿಗಿದು, ರಬ್ಬರಿನ ಹಾರ್ನ್ ಒತ್ತುತ್ತಾ ಶಿರ್ವ, ಬೆಳ್ಮಣ್ ಎಂದು ಒಳನಾಡಿಗೆ ಏರುತ್ತಿದ್ದರು. ಗೇರಿಲ್ಲ, ಕೈಗವಸಿಲ್ಲ. ಮಧ್ಯಾಹ್ನ ಕಳೆದು ಎರಡು ಗಂಟೆಗೆ ವಾಪಸು. ನಾವು ಮಕ್ಕಳು ಬಟ್ಟಲಲ್ಲಿ ಅನ್ನ ಬಿಟ್ಟರೆ ಅಮ್ಮ ಹೇಳುವ ಮಾತು ಒಂದೇ: "ನಿಮ್ಮಪ್ಪ ಒಂದು ಲೋಟ ಹಾಲಿಲ್ಲದ ಚಾ ಕುಡಿದು ಕಾರ್ಕಳಕ್ಕೆ ಹೋಗಿದ್ದಾರೆ. ನಿಮಗೆ ಇದು ಸೇರುವುದಿಲ್ಲ ಅಲ್ವಾ?" ಅಮ್ಮ ಬೆಳಿಗ್ಗೆ ನಮಗೆ ಗಂಜಿ ಬಡಿಸುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ಅವರು ಖಾಲಿ ಹೊಟ್ಟೆಯಲ್ಲಿ ಪೆಡಲು ತುಳಿಯುವಾಗ ತನಗೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದಳು. ಅಪ್ಪ ಬಂದ ಮೇಲೆಯೇ ಅವಳ ಮೊದಲ ತುತ್ತು. ಆಗ ಹಿಡಿದ ಗ್ಯಾಸ್ಟ್ರಿಕ್ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಹಾಗಾಗಿ ನಾನೂ ಒಂದು ಲೋಟ ಚಾ ಮಾತ್ರ ಕುಡಿದು ಹೊರಡುತ್ತಿದ್ದೆ. ನಗಬೇಡಿ. ಅಪ್ಪನ ಗಟ್ಟಿತನ ನನ್ನ ಮೈಯಲ್ಲಿ ಚೂರಾದರೂ ಉಂಟೋ ಇಲ್ಲವೋ ನೋಡಬೇಕಿತ್ತು. ಆ ಚಾದ ಮೇಲೆಯೇ ನಮ್ಮ ಮನೆ ನಿಂತಿದೆ ಎಂದು ನಂಬಿ ಬೆಳೆದವಳು ನಾನು. ಕಾರ್ಕಳ ಮುಟ್ಟದಿದ್ದರೆ ನಾನು ಅವರ ಮಗಳೇ ಅಲ್ಲ ಎನ್ನುವಷ್ಟು ಅದು ಮನಸ್ಸಿಗೆ ಹತ್ತಿತ್ತು.

ಸೋತ ಮೇಲೆ ಎಲ್ಲರನ್ನೂ ಕೇಳಿದೆ. ಮಣಿಪಾಲದಲ್ಲಿ ಸೈಕಲು ಹೊಡೆಯುವ ಡಾಕ್ಟರೊಬ್ಬರು ನನ್ನ ಸೀಟು ತಗ್ಗಾಯಿತು ಎಂದರು. ಬಿದ್ದರೆ ಎರಡೂ ಕಾಲು ನೆಲಕ್ಕೆ ತಾಗಲಿ ಎಂದು ನಾನೇ ಇಳಿಸಿದ್ದೆ. ಮಂಡಿ ಮಡಚಿಕೊಂಡೇ ತುಳಿದರೆ ಅರ್ಧ ಬಲ ಸುಮ್ಮನೆ ಹಾಳು ಅಂತೆ. ಏರಿಸಿದೆ. ಭಾರದ ಗೇರಿನಲ್ಲಿ ಒದ್ದಾಡಬೇಡಿ, ಬಾಯಾರುವ ಮೊದಲೇ ನೀರು ಕುಡಿಯಿರಿ ಎಂದರು. ಅದನ್ನೂ ಮಾಡಿದೆ. ಆದರೂ ಮೂರನೆಯ ಭಾನುವಾರ ಅದೇ ಗೋಡೆ, ಅದೇ ನೆಲ.

ಆ ದಿನ ಬ್ಯಾಗಿನಲ್ಲಿ ರಕ್ತದ ಸಕ್ಕರೆ ನೋಡುವ ಪುಟ್ಟ ಮೆಷಿನ್ ಇಟ್ಟುಕೊಂಡಿದ್ದೆ. ನಡುಗುವ ಬೆರಳಿಗೆ ನಾನೇ ಚುಚ್ಚಿಕೊಂಡು ನೋಡಿದರೆ ಸಕ್ಕರೆ ಪಾತಾಳದಲ್ಲಿ. ನನಗೆ ನಾಚಿಕೆಯಾಯಿತು. "ನಿನ್ನೆ ರಾತ್ರಿಯಿಂದ ಎಂತದ್ದೂ ತಿನ್ನಲಿಲ್ಲ ಅಲ್ವಾ?" ಎಂದು ದಿನವಿಡೀ ಜನರನ್ನು ಕೇಳುವವಳು ನಾನು. ಹಾಗೆ ಬಂದವರು ಸೂಜಿ ನೋಡಿಯೇ ತಲೆ ತಿರುಗಿ ಕೂರುವುದನ್ನು ಕಂಡವಳು. ಅದೇ ಹೊಟ್ಟೆಯಲ್ಲಿ ನಾನು ಏರು ಹತ್ತಲು ಹೊರಟಿದ್ದೆ.

ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನೊಬ್ಬ ಇದನ್ನೆಲ್ಲ ನೋಡುತ್ತಿದ್ದ. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟ. "ತಗೋರಿ ಅಕ್ಕಾರ. ಖಾಲಿ ಹೊಟ್ಟ್ಯಾಗ ಯಾರರ ದುಡಿಯಾಕ ಹೋಗ್ತಾರೇನ್ರಿ?" ಎಂದ. ನಾನು ತಿಂದೆ. ಕಾಲು ಗಂಟೆಯಲ್ಲಿ ಕೈ ನಡುಗುವುದು ನಿಂತಿತು.

ನನ್ನ ಪ್ರಶ್ನೆಗೇನೋ ಉತ್ತರ ಸಿಕ್ಕಿತು. ಆದರೆ ಸೈಕಲು ದೂಡಿಕೊಂಡು ಮನೆ ಕಡೆ ಬರುವಾಗ ಅದರಿಂದಲೇ ಇನ್ನೊಂದು ಹುಟ್ಟಿತು. ಖಾಲಿ ಹೊಟ್ಟೆ ನನ್ನನ್ನು ಶಿರ್ವದಲ್ಲಿ ಕೂರಿಸಿತು. ಹಾಗಾದರೆ ಮೀನಿನ ಪೆಟ್ಟಿಗೆ ಹೊತ್ತ ಅಪ್ಪನನ್ನು ಯಾಕೆ ಕೂರಿಸಲಿಲ್ಲ? ರಕ್ತದ ಸಕ್ಕರೆಗೆ ಅಪ್ಪ ಬೇರೆ, ಮಗಳು ಬೇರೆ ಎಂದು ಇರುತ್ತದಾ?

ನಾನು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಇರುವವಳು, ನಮ್ಮ ಕಡೆ ಅದೇನೂ ವಿಶೇಷ ಅಲ್ಲ. ಆದ್ದರಿಂದ ಉತ್ತರ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ. ಅಪ್ಪ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಎಂಬತ್ತು ಹತ್ತಿರ ಬಂದರೂ ಕಣ್ಣು ಚುರುಕು. ನನ್ನ ಮುಖ, ಹೆಲ್ಮೆಟ್ಟು ನೋಡಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಾ?" ಎಂದು ನಕ್ಕರು. ಒಳಗೆ ಅಮ್ಮ ಬೂತಾಯಿ ಶುಚಿ ಮಾಡುತ್ತಿದ್ದಳು.

"ಹೊರಟ ಕೂಡಲೇ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓಡಿಸಿದೆಯಾ?" ಎಂದು ಅಪ್ಪ ಕೇಳಿದರು. ಹೌದು ಎಂದೆ. ಕಾಪು ಬಿಡುವಾಗ ರಸ್ತೆ ಸಮ, ಗಾಳಿ ಬೆನ್ನಿಗೆ, ಮೈ ಹಗುರ.

"ಅಲ್ಲೇ ನೀನು ಮುಗಿದದ್ದು. ದಾರಿಯಲ್ಲಿ ಸಿಕ್ಕಿದವರ ಹತ್ತಿರ ನಾಲ್ಕು ಮಾತಾಡಲಿಕ್ಕೆ ಆಗಬೇಕು. ಮಾತು ಬರುವುದಿಲ್ಲ ಅಂದರೆ ಜೋರಾಯಿತು ಅಂತ ಲೆಕ್ಕ. ಏರು ಬಂದರೆ ಇಳಿದು ದೂಡು. ನಾನು ಎಲ್ಲ ಏರಿನಲ್ಲೂ ದೂಡಿದವನೇ."

"ಆದರೆ ಒಂದು ಲೋಟ ಚಾದಲ್ಲಿ ಹೇಗೆ ಅಪ್ಪ?"

"ಚಾದಲ್ಲಿ ಯಾರು ಹೋಗ್ತಾರೆ ಮಾರಾಯ್ತಿ?" ಅಪ್ಪ ಪೇಪರು ಮಡಚಿದರು. "ಹೊರಡುವಾಗ ಹೊಟ್ಟೆಗೆ ಎಂತದೂ ಸೇರುತ್ತಿರಲಿಲ್ಲ, ಅದು ಸರಿ. ಶಿರ್ವದಲ್ಲಿ ಎರಡು ಬನ್ಸ್, ಒಂದು ಚಾ. ಬೆಳ್ಮಣ್ಣಿನಲ್ಲಿ ಅವಲಕ್ಕಿ. ಜೇಬಿನಲ್ಲಿ ಯಾವಾಗಲೂ ಬೆಲ್ಲದ ತುಂಡು ಉಂಟು. ತಿನ್ನದೆ ಹೋದರೆ ನಾನು ನಿತ್ಯ ಯಾರ ಅಂಗಳದಲ್ಲಿ ಬೀಳುತ್ತಿದ್ದೆ?"

ಒಳಗೆ ಮೀನು ಕೊಯ್ಯುವ ಸದ್ದು ನಿಂತಿತು. ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ದಿನಾ ತಿನ್ನುತ್ತಿದ್ದಿರಾ?" ಎಂದಳು.

"ದಿನಾ ಅಂದರೆ… ಹೌದು. ಯಾಕೆ?"

"ನಾನು ತಿನ್ನುತ್ತಿರಲಿಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನಾನು ಬಿಡಿಸಿ ಹೇಳಬೇಕಾಯಿತು. ಅಮ್ಮ ಬೆಳಿಗ್ಗೆ ಗಂಜಿ ಮುಟ್ಟುತ್ತಿರಲಿಲ್ಲ, ನೀವು ಬಂದು ಕೂತ ಮೇಲೆಯೇ ಅವಳ ಹೊಟ್ಟೆಗೆ ಬೀಳುತ್ತಿದ್ದದ್ದು ಎಂದೆ. ಎರಡು ಗಂಟೆಗೆ ತನ್ನೊಟ್ಟಿಗೆ ಅವಳು ಕೂರುವುದು ಬರೀ ಮಧ್ಯಾಹ್ನದ ಊಟಕ್ಕೆ ಎಂದುಕೊಂಡಿದ್ದರಂತೆ ಅಪ್ಪ. "ಬೆಳಿಗ್ಗೆ ಮಕ್ಕಳೊಟ್ಟಿಗೆ ಆಗಿರ್ತದೆ ಅಂತ ನಾನು…" ಎಂದು ಶುರು ಮಾಡಿದವರು ಮಡಚಿದ ಪೇಪರನ್ನೇ ಮತ್ತೆ ಮಡಚಿದರು. ಅಪ್ಪ ಸೈಕಲಿನ ವ್ಯಾಪಾರ ನಿಲ್ಲಿಸುವವರೆಗೆ, ಅಂದರೆ ಇಪ್ಪತ್ತು ವರ್ಷಕ್ಕೂ ಮೇಲೆ, ಒಬ್ಬರು ಹೇಳಲಿಲ್ಲ, ಒಬ್ಬರು ಕೇಳಲಿಲ್ಲ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ, ಯಾವ ತಪ್ಪಿಗೆ ಎಂದು ನನ್ನನ್ನೇ ಕೇಳಿಕೊಂಡೆ. ಹಸಿದವರು ಎರಡು ಬನ್ಸ್ ತಿಂದದ್ದಕ್ಕಾ? ಅಮ್ಮನ ಮೇಲೂ ಸಿಟ್ಟು ಬಂತು, ಅದಕ್ಕೂ ಕಾರಣ ಸಿಗಲಿಲ್ಲ. ಅಮ್ಮ ಅಳಲಿಲ್ಲ, ಜಗಳ ಆಡಲಿಲ್ಲ. ಒಳಗೆ ಹೋಗಿ ಉಳಿದ ಮೀನು ಕೊಯ್ದಳು. ಒಂದು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು.

ಮುಂದಿನ ಭಾನುವಾರ ನಾನು ಕಾರ್ಕಳ ಮುಟ್ಟಿದೆ, ಅದನ್ನು ಹೇಳಿಬಿಡುತ್ತೇನೆ. ಮೆಲ್ಲ ಹೊರಟು, ದಾರಿಯಲ್ಲಿ ತಿಂದು, ಏರಿನಲ್ಲಿ ನಾಚಿಕೆಯಿಲ್ಲದೆ ಇಳಿದು ದೂಡಿ, ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕುಡಿದೆ. ಕುಣಿಯಬೇಕಾದ ಹೊತ್ತು. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಅವತ್ತು ಹೊರಡುವ ಮೊದಲು ನಮ್ಮ ಅಡುಗೆಮನೆಯಲ್ಲಿ ನಡೆದದ್ದು.

ಬೆಳಿಗ್ಗೆ ಆರಕ್ಕೆ ಅಮ್ಮ ನನಗೆ ಗಂಜಿ, ತೆಂಗಿನಕಾಯಿ ಚಟ್ನಿ ಬಡಿಸಿದಳು. ಆಮೇಲೆ ಇನ್ನೊಂದು ಬಟ್ಟಲಿಗೆ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತು ತಾನೂ ಉಣ್ಣತೊಡಗಿದಳು. ಅಪ್ಪ ಇನ್ನೂ ಉಣ್ಣದಿರುವಾಗ ಅಮ್ಮ ಉಣ್ಣುವುದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಅಪ್ಪ ಮುಖ ತೊಳೆದು ಬಂದು ಬಾಗಿಲಲ್ಲಿ ನಿಂತರು. ಅಮ್ಮ ಏಳಲಿಲ್ಲ. "ಪಾತ್ರೆಯಲ್ಲಿ ಉಂಟು, ಬಡಿಸಿಕೊಳ್ಳಿ" ಎಂದಳು.

ಅಪ್ಪ ಸೌಟು ತೆಗೆದುಕೊಂಡರು. ತಮ್ಮ ಬಟ್ಟಲು ಮುಟ್ಟುವ ಮೊದಲು ಬಗ್ಗಿ ಅಮ್ಮನ ಬಟ್ಟಲಿಗೆ ಒಂದು ಸೌಟು ಹಾಕಿದರು. ಸ್ವಲ್ಪ ತಡೆದು ಇನ್ನೊಂದು ಹಾಕಿದರು. ಅಮ್ಮ ಸಾಕು ಎನ್ನಲಿಲ್ಲ.